ಬೋರ್ಡ್ ಮಂಜಾಗಿ ಕಾಣುತ್ತೆ ಅನ್ನುವ ಮಕ್ಕಳಿಗೆ ಸೂಜಿ ತೂತಿನ ಪರೀಕ್ಷೆ

ಹಳೇ ಮದುವೆ ಕಾರ್ಡಿಗೆ ದಪ್ಪ ಸೂಜಿಯಿಂದ ಸುಮಾರು 1 ಮಿ.ಮೀ. ತೂತು ಮಾಡಿ. ಮಗುವಿನ ಒಂದು ಕಣ್ಣು ಮುಚ್ಚಿಸಿ, ಇನ್ನೊಂದರಿಂದ ತೂತಿನ ಮೂಲಕ ದೂರದ ಅಕ್ಷರ ಓದಿಸಿ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡ್ ಆದರೂ ಸಾಕು. ಬರಿಗಣ್ಣಿಗೆ ಕಲಸಿಹೋದ ‘ಮದ್ದೂರು’ ತೂತಿನಲ್ಲಿ ಬಿಡಿಬಿಡಿಯಾಗಿ ಕಂಡರೆ, ಅದು ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವ ದೋಷ. ತೂತು ಬೆಳಕಿನ ಸಣ್ಣ ಎಳೆಯನ್ನಷ್ಟೇ ಒಳಗೆ ಬಿಡುತ್ತದೆ, ಹಾಗಾಗಿ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಮೇಲೆ ಚಿತ್ರ ಕಡಿಮೆ ಹರಡುತ್ತದೆ. ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಒಂದರ ತೊಂದರೆಯನ್ನು ಇನ್ನೊಂದು ಸುಮ್ನೆ ಮುಚ್ಚಿಹಾಕುತ್ತದೆ, ಮಗುವಿಗೇ ಗೊತ್ತಾಗುವುದಿಲ್ಲ. ಮಬ್ಬು ಬೆಳಕಿನಲ್ಲಿ ಇದು ನಡೆಯುವುದಿಲ್ಲ, ಪವರ್ ತುಂಬಾ ಜಾಸ್ತಿ ಇದ್ದರೂ ಪೂರ್ತಿ ಸ್ಪಷ್ಟವಾಗುವುದಿಲ್ಲ. ನಂಬರ್ ಎಷ್ಟು ಅಂತಲೂ ತಿಳಿಯುವುದಿಲ್ಲ. ತೂತಿನಲ್ಲೂ ಮಂಜಾಗೇ ಇದ್ದರೆ ಕನ್ನಡಕದ ಅಂಗಡಿ ಬೇಡ, ಸೀದಾ ಕಣ್ಣಿನ ಡಾಕ್ಟರಿಗೆ ತೋರಿಸಿ.