ಪೂಜೆಯ ಹೂವು ಹೊಳೆಗೆ ಬೇಡ, ಬಕೆಟ್‌ಗೆ ಹಾಕಿ
ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಹಬ್ಬ ಮುಗಿದರೆ ಒಂದು ಬುಟ್ಟಿ ನಿರ್ಮಾಲ್ಯ. ಮೊದಲೆಲ್ಲ ಕವರಿಗೆ ತುಂಬಿ ಯಗಚಿ ಹೊಳೆಗೆ ಬಿಡುತ್ತಿದ್ದೆವು. ಅದೇ ನೀರು ಬೇಲೂರು ದಾಟಿ ಹೇಮಾವತಿ ಸೇರುತ್ತದೆ ಅಲ್ವಾ?

ಈಗ ಅದನ್ನೇ ಗೊಬ್ಬರ ಮಾಡಲು ತಳಕ್ಕೆ ತೂತು ಮಾಡಿದ ಹಳೇ ಬಕೆಟ್ ಇಟ್ಟಿದ್ದೇನೆ. ಹಾರವನ್ನು ಸುಮ್ನೆ ಹಾಗೇ ಹಾಕಬೇಡಿ. ದಾರ, ಜರಿ, ಪಿನ್ನು ತೆಗೆಯಿರಿ. ಬಾಳೆನಾರಾದರೆ ಇರಲಿ. ಸೇವಂತಿಗೆಯನ್ನು ಕೈಯಲ್ಲೇ ಉದುರಿಸಿ, ಇಡೀ ಹೂವು ಕೊಳೆಯುವುದು ನಿಧಾನ. ಮೇಲೆ ಒಣಗಿದ ಎಲೆ, ಒಂದು ಹಿಡಿ ಮಣ್ಣು. ಎಣ್ಣೆಬತ್ತಿ ಬೇಡ. ವಾರಕ್ಕೊಮ್ಮೆ ಕೆದಕಿ. ನಮ್ಮ ಮಳೆಗಾಲ ಗೊತ್ತಲ್ಲ, ಮುಚ್ಚಳ ಮರೆಯಬೇಡಿ. ವಾಸನೆ ಬಂದರೆ ಒಣ ಎಲೆ ಜಾಸ್ತಿ ಹಾಕಿ. ಎರಡು ಮೂರು ತಿಂಗಳಿಗೆ ಗೊಬ್ಬರ.

ದಾರ ಬಿಚ್ಚುವ ಹತ್ತು ನಿಮಿಷ ನನಗೆ ಜಪ ಮಾಡಿದ ಹಾಗೇ. ಗೊಬ್ಬರ ಮೊದಲು ತುಳಸಿಕಟ್ಟೆಗೆ, ಮಿಕ್ಕಿದ್ದು ದಾಸವಾಳಕ್ಕೆ.