ಮೊದಲು ಪೆನ್ನು, ಆಮೇಲೆ ಮಾಡೆಲ್: ಮಂಡ್ಯದಲ್ಲಿ ಮುನ್ಸೂಚನೆ ಕಲಿಸಿದ ನನ್ನ ಅನುಭವ

ಮಳೆ ಮುನ್ಸೂಚನೆ ಕಲಿಯಲು ಬಂದ ಹೊಸಬರಿಗೆ ಬೆಳಿಗ್ಗೆ ಎದ್ದ ಕೂಡಲೇ ಮಾಡೆಲ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಹವಾಮಾನ, ತೋರಿಸಬಾರದು ಎಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಇರೋದನ್ನ ಮುಚ್ಚಿಟ್ಟು ಏನ್ ಕಲಿಸ್ತೀರಿ ಸಾರ್?" ಎಂದರು. ಈಗ ಅವರೇ ತಮ್ಮ ಹುಡುಗರನ್ನು ಮಂಡ್ಯಕ್ಕೆ ಕಳಿಸುತ್ತಿದ್ದಾರೆ.

ನಮ್ಮ ಮುನ್ಸೂಚನೆ ಹೋಗುವುದು ಹೆಚ್ಚಾಗಿ ಆಲೆಮನೆಗಳಿಗೆ. ಕೊಪ್ಪರಿಗೆ ಕೆಳಗೆ ಉರಿಯುವ ಕಬ್ಬಿನ ಸಿಪ್ಪೆ ಬಯಲಲ್ಲೇ ಒಣಗಬೇಕು. ನಾವು ಹೇಳದೆ ಮಳೆ ಬಂದರೆ ಸಿಪ್ಪೆ ನೆನೆದು ಸೌದೆ ಕೊಳ್ಳಬೇಕು. ಸುಮ್ನೆ ಮಳೆ ಅಂದುಬಿಟ್ಟರೆ ಗಾಣ ನಿಂತು ಕೂಲಿ ದಂಡ.

ಮೊದಲು ಪಾಠ ಮಾಡಿ ನೋಡಿದೆವು. ಎಲ್ಲರೂ ತಲೆ ಆಡಿಸಿದರು, ಮಾರನೇ ದಿನ ಅಮೆರಿಕದ ಜಿಎಫ್‌ಎಸ್ ಮಾಡೆಲ್‌ನ ನಕ್ಷೆಯನ್ನು ಹಾಗೇ ಇಳಿಸಿದರು. ಆಮೇಲೆ ತೊಂಬತ್ತು ಸಾವಿರದ ಹತ್ತಿರ ಸುರಿದು ಹಳೇ ಸರ್ವರ್ ತಂದು ಜಾಗವನ್ನು 3 ಕಿ.ಮೀ. ಚೌಕಗಳಾಗಿ ಹೆಚ್ಚಿ ಲೆಕ್ಕ ಹಾಕುವ ಡಬ್ಲ್ಯುಆರ್‌ಎಫ್ ಮಾಡೆಲ್ ನಾವೇ ಓಡಿಸಿದೆವು. ಕರೆಂಟ್ ಬಿಲ್ ಬೇರೆ. ನಕ್ಷೆ ಚೆಂದ ಬಂತು. ಚೆಂದ ಇದ್ದಷ್ಟೂ ಹುಡುಗರು ಜಾಸ್ತಿ ನಂಬಿದರು. ಅದನ್ನು ಮಾರಿ, ಬಂದ ದುಡ್ಡಲ್ಲಿ ಹತ್ತು ಸಾವಿರ ಚಿಲ್ಲರೆಗೆ ಪ್ಲಾಸ್ಟಿಕ್ ಮಳೆಮಾಪಕ ಕೊಂಡು ಆಲೆಮನೆಗಳಲ್ಲಿ ನೆಟ್ಟೆವು.

ಬೆಳಗಿನ 5.30ರ ಜಿಎಫ್‌ಎಸ್ ರನ್ (ಮಾಡೆಲ್‌ನ ಒಂದು ಸಲದ ಲೆಕ್ಕ) ಬರುವುದು ಹೇಗೂ 9 ದಾಟಿದ ಮೇಲೆ. ಅಷ್ಟರೊಳಗೆ ಇನ್ಸಾಟ್ ಉಪಗ್ರಹದ ಚಿತ್ರ, ಬೆಂಗಳೂರಿನ ಬಲೂನಿನ ಟೆಫಿಗ್ರಾಂ (ಮೇಲೆ ಹೋದಂತೆ ಗಾಳಿಯ ಬಿಸಿ, ತೇವ ತೋರಿಸುವ ನಕ್ಷೆ), ರಾತ್ರಿಯ ಮಳೆ ನೋಡಿ ಮಳೆಯ ಸಾಧ್ಯತೆ ಶೇಕಡಾ ಎಷ್ಟು ಎಂದು ಪೆನ್ನಲ್ಲಿ ಬರೆಯಬೇಕು. ರಾತ್ರಿಯ ರನ್ ಕೂಡ ತೆರೆಯುವಂತಿಲ್ಲ. ಮಾಡೆಲ್ ನೋಡಿದ ಮೇಲೆ ಸಂಖ್ಯೆ ಬದಲಿಸಬಹುದು, ಆದರೆ ಯಾಕೆ ಅಂತ ಒಂದು ಸಾಲು ಬರೆಯಬೇಕು. ಮರುದಿನ 8.30ರ ಅಳತೆ ಬಂದ ಮೇಲೆ ಹುಡುಗರದೂ ಮಾಡೆಲ್‌ನದೂ ಬ್ರಯರ್ ಸ್ಕೋರ್ ಗೋಡೆಗೆ. ಹೇಳಿದ ಶೇಕಡಾ ನಿಜದಿಂದ ಎಷ್ಟು ದೂರ ಎಂಬ ಲೆಕ್ಕ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು.

ಮೇ ತಿಂಗಳ ಒಂದು ದಿನ ಯುರೋಪಿನ ಮಾಡೆಲ್ ಮಧ್ಯಾಹ್ನ ಒಂದಕ್ಕೇ ಜಿಲ್ಲೆ ತುಂಬ ಎರಡು ಮೂರು ಮಿ.ಮೀ. ಹರಡಿತ್ತು. ನಮ್ಮ ಹುಡುಗಿಯೊಬ್ಬಳು ಆಗಲೇ 'ಮಧ್ಯಾಹ್ನ 10, ಸಂಜೆ 60' ಎಂದು ಬರೆದಿದ್ದಳು. ಟೆಫಿಗ್ರಾಂನಲ್ಲಿ ಬಿಸಿ ಪದರ ಮುಚ್ಚಳದ ಹಾಗೆ ಕೂತಿತ್ತು. ಅದು ಒಡೆಯಲು ಸಂಜೆಯಾಗಬೇಕು ಎಂಬುದು ಅವಳ ಲೆಕ್ಕ. ಮಾಡೆಲ್ ನೋಡಿದ ಮೇಲೂ ಅಲುಗಲಿಲ್ಲ. ಏಳರ ಸುಮಾರಿಗೆ ಮದ್ದೂರಿನ ಕಡೆ ಗುಡುಗಿ ಸುರಿಯಿತು. ಪಾಂಡವಪುರದಲ್ಲಿ ಹನಿಯೂ ಇಲ್ಲ. ಗುಡುಗು ಮಳೆಯನ್ನು ಮಾಡೆಲ್ ಬೇಗ ಸುರಿಸಿಬಿಡುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಆ ಪುಟ ನೋಡಿದ ಮೇಲೆ ಹುಡುಗರಿಗೂ ಅದು ಮನಸ್ಸಿಗಿಳಿಯಿತು.

ನೆನಪಿನಿಂದ ಹೇಳುವುದಾದರೆ, ಮೊದಲು ಮಳೆ ಎಂದ ಹತ್ತರಲ್ಲಿ ಐದಾರು ಸುಳ್ಳಾಗುತ್ತಿದ್ದವು. ಈಗ ಮೂರು. ಈ ಭಾಗದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವವರನ್ನು ನಾನು ಕಂಡಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಆಲೆಮನೆ ಯಜಮಾನರೊಬ್ಬರ ದಿನದ ಅಂದಾಜನ್ನೂ ಪುಸ್ತಕಕ್ಕೆ ಸೇರಿಸಿದೆವು. ಮುಂದಿನ ಎರಡು ಗಂಟೆಯ ವಿಷಯದಲ್ಲಿ ಅವರು ನಮ್ಮ ಹುಡುಗರನ್ನು ಮೀರಿಸಿದರು. ಮೂರನೇ ದಿನದ್ದು ಮಾತ್ರ ಅವರಿಗೂ ಸಿಗಲಿಲ್ಲ.

ಯುರೋಪಿನ ಮಾಡೆಲ್‌ನ 51 ಎನ್‌ಸೆಂಬಲ್ ರನ್‌ಗಳಲ್ಲಿ (ಶುರುವಿನ ಸ್ಥಿತಿ ಚೂರು ಚೂರು ಬದಲಿಸಿ ಓಡಿಸಿದವು) 20 ಮಳೆ ಅಂದರೆ ನೇರ ಶೇಕಡಾ 40 ಅಂತ ಬರೆಯಲು ಬಿಡುವುದಿಲ್ಲ. ಯಾವ ತಿಂಗಳಲ್ಲಿ ಎಷ್ಟು ಕಳೆಯಬೇಕು ಎಂಬುದನ್ನು ಇಲ್ಲಿ ಬರೆಯಲಾರೆ, ಅದು ನಮ್ಮ ಹೊಟ್ಟೆಪಾಡು.

ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದ್ದರೆ ನಿಯಮ ಬೇರೆ. ಅಂಥ ದೊಡ್ಡ ವ್ಯವಸ್ಥೆಯನ್ನು ಮಾಡೆಲ್‌ಗಳು ಚೆನ್ನಾಗಿಯೇ ಹಿಡಿಯುತ್ತವೆ. ಆ ದಿನಗಳಲ್ಲಿ ಮಾಡೆಲ್ ಹೇಳಿದ್ದಕ್ಕಿಂತ ಶೇಕಡಾ 20ಕ್ಕೂ ಜಾಸ್ತಿ ಆಚೀಚೆ ಬರೆಯಬೇಕಾದರೆ ಮೊದಲು ನನಗೆ ಫೋನ್ ಮಾಡಬೇಕು.