ಮೈಕ್ರೋವೇವ್‌ನಲ್ಲಿ ನಾನು ಏನೇನು ಇಡುವುದಿಲ್ಲ

ಮಗಳಿಗೆ ಎಂಟು ತಿಂಗಳಿದ್ದಾಗ ಒಂದು ಬೆಳಿಗ್ಗೆ ಅವಸರದಲ್ಲಿ ರಾಗಿ ಸರಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದೆ. ಮಧ್ಯದಿಂದ ಸ್ವಲ್ಪ ತೆಗೆದು ಮಣಿಕಟ್ಟಿನ ಮೇಲೆ ಹಾಕಿ ನೋಡಿದೆ, ಉಗುರುಬೆಚ್ಚಗಿತ್ತು. ಎರಡನೇ ಚಮಚ ಬಟ್ಟಲಿನ ಅಂಚಿನಿಂದ ತೆಗೆದೆ. ಯಾಕೋ ಅದನ್ನೂ ಮುಟ್ಟಿ ನೋಡೋಣ ಅನ್ನಿಸಿತು. ಸುಡುತ್ತಿತ್ತು. ಆ ಚಮಚ ಮಗುವಿನ ಬಾಯಿಗೆ ಹೋಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಒಂದೇ ಬಟ್ಟಲಲ್ಲಿ ಹೀಗ್ಯಾಕೆ ಎಂದು ತಿಳಿಯಲು ಹಪ್ಪಳ ಇಟ್ಟು ನೋಡಿದೆ. ಒಳಗಿನ ಗಾಜಿನ ತಟ್ಟೆಯ ಕೆಳಗಿರುವ ಚಕ್ರ ತೆಗೆದು, ತಟ್ಟೆ ತಿರುಗದ ಹಾಗೆ ಮಾಡಿ, ನಾಲ್ಕು ಹಸಿ ಉದ್ದಿನ ಹಪ್ಪಳ ಹರಡಿದೆ. ಅರ್ಧ ನಿಮಿಷ ಬಿಟ್ಟು ತೆಗೆದರೆ ಒಂದು ಕಡೆ ಚೆನ್ನಾಗಿ ಉಬ್ಬಿತ್ತು, ಇನ್ನೊಂದು ಕಡೆ ಸೀದು ಕಪ್ಪಾಗಿತ್ತು, ಅದರ ಪಕ್ಕದಲ್ಲೇ ಪೂರ್ತಿ ಹಸಿ. ಮೈಕ್ರೋವೇವ್ ಬಿಸಿ ಮಾಡುವುದು ಕಣ್ಣಿಗೆ ಕಾಣದ ಅಲೆಗಳಿಂದ. ಮನೆಯ ಮೈಕ್ರೋವೇವ್‌ಗಳು ಸಾಮಾನ್ಯವಾಗಿ 2.45 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುವ ಅಲೆಗಳಲ್ಲಿ, ಕೆಲಸ ಮಾಡುತ್ತವೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗೆ ಬಡಿದು ವಾಪಸ್ ಬರುವ ಅಲೆಗಳು ಒಂದಕ್ಕೊಂದು ಸೇರಿ ಕೆಲವು ಕಡೆ ಜೋರಾಗುತ್ತವೆ, ಕೆಲವು ಕಡೆ ಸೊರಗುತ್ತವೆ. ತಟ್ಟೆ ತಿರುಗುವುದು ಇದನ್ನು ಸರಿದೂಗಿಸಲೆಂದೇ, ಆದರೆ ಪೂರ್ತಿ ಆಗುವುದಿಲ್ಲ. ಜೊತೆಗೆ ಅಲೆಗಳು ಅಡುಗೆಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ನಡುಭಾಗಕ್ಕೆ ಬಿಸಿ ನಿಧಾನವಾಗಿ ಹೊರಗಿನಿಂದಲೇ ಬರಬೇಕು. ತೆಳ್ಳಗಿನ ಸಾರನ್ನು ಕಲಕಿದರೆ ಸರಿಹೋಗುತ್ತದೆ, ಗಟ್ಟಿ ಸರಿಗೆ ಆ ಅನುಕೂಲ ಇಲ್ಲ.

ಅಂದಿನಿಂದ ಮಗುವಿನ ಊಟವನ್ನಾಗಲಿ, ಹಾಲಿನ ಬಾಟಲಿಯನ್ನಾಗಲಿ ಅದರಲ್ಲಿ ಇಡಲಿಲ್ಲ. ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಐದು ನಿಮಿಷದ ಕೆಲಸ.

ಮೊಟ್ಟೆ ವಿಷಯದಲ್ಲಿ ಚಿಪ್ಪು ಇದ್ದರೆ ಮಾತ್ರ ಅಪಾಯ ಎಂದುಕೊಂಡಿದ್ದೆ. ಫ್ರಿಜ್‌ನಲ್ಲಿದ್ದ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸಿ ಬಿಸಿಗಿಟ್ಟೆ. ಒಳಗೆ ಏನೂ ಆಗಲಿಲ್ಲ. ತಟ್ಟೆಗೆ ಹಾಕಿ ಚಾಕು ತಾಗಿಸಿದೆ ನೋಡಿ, ಪಟಾಕಿ ಹಾಗೆ ಸಿಡಿಯಿತು! ಹಳದಿಯಲ್ಲಿ ಸಿಕ್ಕಿಕೊಂಡ ನೀರು ಕುದಿಯುವ ಮಟ್ಟ ದಾಟಿ ಬಿಸಿಯಾಗಿರುತ್ತದೆ. ಚಾಕು ಚುಚ್ಚಿದ ಕ್ಷಣ ಎಲ್ಲಾ ಒಟ್ಟಿಗೇ ಆವಿಯಾಗುತ್ತದೆ. ಚಾಕುವಿನ ಬದಲು ಹಲ್ಲು ತಾಗಿದ್ದರೆ? ಈಗ ಮೊಟ್ಟೆ ಸಾರನ್ನು ಒಲೆಯ ಮೇಲೆಯೇ ಬಿಸಿ ಮಾಡುತ್ತೇನೆ.

ಒಣಮೆಣಸಿನಕಾಯಿಯನ್ನು ಸಾರಿನ ಪುಡಿಗೆಂದು ಒಮ್ಮೆ ಅದರಲ್ಲಿ ಹುರಿದೆ. ಬಾಗಿಲು ತೆಗೆದ ಕೂಡಲೇ ಘಾಟು ಮನೆಯೆಲ್ಲಾ ತುಂಬಿ, ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದೆವು. ಬಾಣಲೆಯಲ್ಲಾದರೆ ಕೈಯಾಡಿಸುತ್ತಾ ಬಣ್ಣ ನೋಡಿಕೊಂಡು ಇಳಿಸಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಇರುವುದು ಅನ್ನದ ಬಗ್ಗೆ. ರಾತ್ರಿ ಅಡುಗೆಮನೆ ಕಟ್ಟೆಯ ಮೇಲೆಯೇ ಉಳಿದ ಅನ್ನ, ಬೆಳಿಗ್ಗೆ ಚಿತ್ರಾನ್ನ. ನಮ್ಮ ಮನೆಗಳಲ್ಲಿ ಇದು ರೂಢಿ ಅಲ್ವಾ? ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಇದ್ದರೆ ಅವು ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಬಿಸಿಗೆ ಜಗ್ಗುವುದಿಲ್ಲ. ಮೈಕ್ರೋವೇವ್‌ನಲ್ಲಿ ಹೊಗೆಯಾಡುವಷ್ಟು ಬಿಸಿ ಮಾಡಿದರೂ, ಬಾಣಲೆಯಲ್ಲಿ ಒಗ್ಗರಣೆಗೆ ಹಾಕಿದರೂ ಅದು ಹಾಗೇ ಇರುತ್ತದೆ. ವಾಸನೆ ಬಂದಿಲ್ಲ ಎಂದು ನೆಚ್ಚಿಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸುತ್ತೇನೆ. ಮಾರನೇ ದಿನ ನೀರು ಚಿಮುಕಿಸಿ, ಮುಚ್ಚಳ ಸಡಿಲವಾಗಿ ಮುಚ್ಚಿ, ಎಲ್ಲಾ ಕಡೆ ಹಬೆ ಬರುವ ತನಕ ಬಿಸಿ ಮಾಡುತ್ತೇನೆ. ಒಂದೇ ಸಲ. ಮರೆತು ರಾತ್ರಿಯೆಲ್ಲಾ ಹೊರಗೆ ಉಳಿದದ್ದನ್ನು, ಹೊಟ್ಟೆ ಉರಿದರೂ, ಚೆಲ್ಲಿಬಿಡುತ್ತೇನೆ.

ಉಳಿದವು ಬರೀ ರುಚಿಯ ಮಾತು. ಮೊಸರನ್ನ ಬಿಸಿ ಮಾಡಿದರೆ ಮೊಸರು ಒಡೆದು ನೀರು ಬಿಡುತ್ತದೆ. ಹೋಳಿಗೆ ತೆಗೆದಾಗ ಮೆತ್ತಗಿರುತ್ತದೆ, ಎರಡು ನಿಮಿಷಕ್ಕೆ ಚರ್ಮದ ಹಾಗೆ ನಾರಾಗುತ್ತದೆ. ಹೆಂಚಿನ ಮೇಲೆ ತುಪ್ಪ ಸವರಿ ಬಿಸಿ ಮಾಡುವುದೇ ಸರಿ. ಮುದ್ದೆಯನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡುತ್ತೇನೆ. ಅದರ ಜೊತೆಗಿನ ಬಸ್ಸಾರು ಮಾತ್ರ ಮೈಕ್ರೋವೇವ್‌ನಲ್ಲೇ, ಮಧ್ಯೆ ಎರಡು ಸಲ ನಿಲ್ಲಿಸಿ ತಳದಿಂದ ಕಲಕಿ.